ಫೋಟೋದಲ್ಲಿದ್ದ ತುಟಿ

ಆ ದಿನವೂ ನನ್ನ ಬೆಳಗು ಬಚ್ಚಲೊಲೆಯಿಂದಲೇ ಶುರುವಾಯಿತು. ಸಂಕ್ರಾಂತಿ ಕಳೆದು ವಾರವಾಗಿತ್ತು, ಹಾಸನದ ಚಳಿ ಇನ್ನೂ ಬಿಟ್ಟಿರಲಿಲ್ಲ. ತೆಂಗಿನಗರಿ ಹತ್ತಿಕೊಂಡ ಮೇಲೆ ಅಂಗೈ ಕಾಯಿಸಿಕೊಂಡು, ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಹಾಲಿಗಿಟ್ಟೆ. ಅತ್ತೆಗೆ ಬೆಲ್ಲದ ಕಾಫಿ, ತಾಲ್ಲೂಕು ಕಚೇರಿಯ ಗುಮಾಸ್ತರಾದ ನನ್ನ ಯಜಮಾನರಿಗೆ ಸಕ್ಕರೆಯದು. ನಾದಿನಿ ಮಾತ್ರ ಕಾಫಿಯ ವಾಸನೆ ಬಂದ ಮೇಲೆ ಏಳುವವಳು. ಅವತ್ತು ನನಗಿಂತ ಮೊದಲೇ ಎದ್ದು ನಡುಮನೆಯ ಕಂಬಕ್ಕೆ ನೇತುಹಾಕಿದ್ದ ಕ್ಷೌರದ ಕನ್ನಡಿಯ ಮುಂದೆ ಬಗ್ಗಿ ನಿಂತಿದ್ದಳು. ಆ ಕನ್ನಡಿಯ ಕೆಳಗಿನ ಅರ್ಧ ರಸ ಕಿತ್ತುಹೋಗಿತ್ತು. ತುಟಿ ಕಾಣಬೇಕಾದರೆ ಮೊಣಕಾಲು ಮಡಿಸಲೇಬೇಕು. ಅವಳು ಮಡಿಸಿಕೊಂಡು, ಬೆರಳಿನಿಂದ ಕೆಳತುಟಿಯನ್ನು ಹೊರಕ್ಕೆ ಎಳೆದೆಳೆದು ನೋಡುತ್ತಿದ್ದಳು.

ಅವತ್ತು ಸಂಜೆ ನಾಲ್ಕಕ್ಕೆ ಹೊಳೆನರಸೀಪುರದಿಂದ ಅವಳನ್ನು ನೋಡಲು ಬರುವವರಿದ್ದರು.

ನಾದಿನಿಗೆ ಆಗ ಹತ್ತೊಂಬತ್ತು. ಬಟ್ಟಲುಗಣ್ಣು, ಕುಳಿತರೆ ನೆಲ ಮುಟ್ಟುವ ಜಡೆ. ತುಟಿ ಮಾತ್ರ ತೆಳು. ನಕ್ಕಾಗಲಂತೂ ಇರುವಷ್ಟೂ ಒಳಗೆ ಹೋಗಿಬಿಡುತ್ತಿತ್ತು. ಅದೊಂದು ಕೊರತೆ ಎಂಬುದೇ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆಯಿಸಿದವರು ಹಿಂದಿನ ವರ್ಷ ಅರಕಲಗೂಡಿನಿಂದ ನೋಡಲು ಬಂದಿದ್ದವರು. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು ತಿಂದು, ಎಲೆಯಡಿಕೆ ಹಾಕಿಕೊಂಡು, ಗೇಟಿನ ಹತ್ತಿರ ಆ ಮನೆಯ ಹಿರಿಯಾಕೆ ತನ್ನ ಮಗಳಿಗೆ ನಿಧಾನವಾಗಿ ಹೇಳಿದ್ದು ನಮಗೆಲ್ಲ ಕೇಳಿಸಿತ್ತು.

"ಎಲ್ಲಾ ಲಕ್ಷಣವಾಗದೆ ಕಣೆ. ತುಟಿ ಎಲ್ಲದೆ ಅಂತ ಮಾತ್ರ ಹುಡುಕ್ಬೇಕು."

ಆಮೇಲೆ ಬಂದ ಇನ್ನೊಂದು ಮನೆಯವರು ಬೇಡವೆಂದರು, ಕಾರಣ ಹೇಳಲಿಲ್ಲ. ಕಾರಣವನ್ನು ನಾವೇ ತುಂಬಿಕೊಂಡೆವು. ಇದು ಮೂರನೆಯದು. ಇದೂ ತಪ್ಪಿದರೆ ಅರಕಲಗೂಡಿನಲ್ಲಿರುವ ತಮ್ಮ ದೂರದ ಬಂಧುವಿಗೆ ಕೊಟ್ಟುಬಿಡುವುದು ಎಂದು ಅತ್ತೆ ತೀರ್ಮಾನ ಮಾಡಿದ್ದರು. ಆತನಿಗೆ ನಲವತ್ತು ದಾಟಿತ್ತು, ಮೊದಲ ಹೆಂಡತಿ ತೀರಿಕೊಂಡಿದ್ದಳು, ಇಬ್ಬರು ಮಕ್ಕಳು. ಒಳ್ಳೆಯ ಮನುಷ್ಯ, ಊಟಕ್ಕೆ ತಕರಾರಿಲ್ಲ ಎಂದು ಅತ್ತೆ ಹೇಳಿದಾಗ ನಾದಿನಿ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಗೋಡೆಯ ಕಡೆ ತಿರುಗಲು ಅವಳಿಗೆ ಇನ್ನೊಂದು ಕಾರಣವಿತ್ತು, ಅದು ನನಗೊಬ್ಬಳಿಗೇ ಗೊತ್ತಿತ್ತು. ಈ ಹೊಳೆನರಸೀಪುರದ ಹುಡುಗ ಚನ್ನರಾಯಪಟ್ಟಣದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರು. ಅಲ್ಲಿಯ ಒಂದು ಮದುವೆಗೆ ನಾದಿನಿ ಹೋಗಿದ್ದಾಗ ಪಂಕ್ತಿಗೆ ಪಾಯಸ ಬಡಿಸಲು ಬಂದಿದ್ದನಂತೆ. ದೊಡ್ಡವರಿಗೆಲ್ಲ ನಿಂತುಕೊಂಡೇ ಬಡಿಸಿದವನು ಮಕ್ಕಳ ಎಲೆಯ ಮುಂದೆ ಮಾತ್ರ ಕುಕ್ಕರಗಾಲಲ್ಲಿ ಕೂತು, ಸಾಕಾ ಇನ್ನಷ್ಟು ಬೇಕಾ ಎಂದು ಒಂದೊಂದು ಮಗುವನ್ನೂ ಕೇಳಿದನಂತೆ. ಈ ಪಾಯಸದ ಕಥೆಯನ್ನು ನಾದಿನಿ ನನಗೆ ಒಂದೇ ತಿಂಗಳಲ್ಲಿ ನಾಲ್ಕು ಸಲ ಹೇಳಿದ್ದಳು, ನಾಲ್ಕು ಸಲವೂ ಬೇರೆ ಯಾವುದೋ ವಿಷಯಕ್ಕೆ ಉದಾಹರಣೆಯಾಗಿ.

ಅದಕ್ಕೇ ಅವರ ಕಡೆಯಿಂದ ಫೋಟೋ ಕೇಳಿ ಕಾಗದ ಬಂದಾಗ ನಾನು ಆ ಕಿತಾಪತಿ ಮಾಡಿದ್ದು.

ನನ್ನನ್ನು ಓದಿಸಿದ್ದು ಕಾನ್ವೆಂಟಿನಲ್ಲಿ. ಕನ್ನಡಿಯ ಮುಂದೆ ಇಪ್ಪತ್ತು ಎಣಿಸುವುದಕ್ಕಿಂತ ಹೆಚ್ಚು ಹೊತ್ತು ನಿಂತರೆ ಪಾಪ ಎಂದು ಸಿಸ್ಟರುಗಳು ಕಲಿಸಿದ್ದರು. ಅದೇ ಕಾನ್ವೆಂಟಿನಲ್ಲಿ ನಾವು ಹುಡುಗಿಯರು ಕಲಿತದ್ದೇ ಬೇರೆ. ಕ್ರಿಸ್‌ಮಸ್ ನಾಟಕಕ್ಕೆ ಕಟ್ಟಿ ಉಳಿದ ಕೆಂಪು ಕ್ರೇಪ್ ಕಾಗದವನ್ನು ಎಂಜಲಲ್ಲಿ ನೆನೆಸಿ ತುಟಿಗೆ ಉಜ್ಜಿಕೊಂಡರೆ ಪ್ರಾರ್ಥನೆ ಮುಗಿಯುವವರೆಗೂ ಬಣ್ಣ ನಿಲ್ಲುತ್ತಿತ್ತು. ಸಿಸ್ಟರ್ ಬಂದು ಬಿಳಿ ಕರವಸ್ತ್ರದಿಂದ ಸಾಲಾಗಿ ಒರೆಸಿ ಪರೀಕ್ಷೆ ಮಾಡುತ್ತಿದ್ದರು. ನನ್ನ ತುಟಿ ಒರೆಸಿದಾಗ ಕರವಸ್ತ್ರ ಯಾವಾಗಲೂ ಬೆಳ್ಳಗೇ ಇರುತ್ತಿತ್ತು, ಯಾಕೆಂದರೆ ನಾನು ಮೊದಲೇ ಪೆಟಿಕೋಟಿನ ಅಂಚಿಗೆ ಒರೆಸಿಕೊಂಡಿರುತ್ತಿದ್ದೆ. ಹೀಗಾಗಿ ಒಳ್ಳೆಯ ಹುಡುಗಿ ಎಂಬ ಹೆಸರು ನನಗೆ ಇವತ್ತಿನವರೆಗೂ ಉಳಿದುಕೊಂಡಿದೆ.

ನಮ್ಮ ಬೀದಿಯ ತುದಿಯಲ್ಲಿದ್ದ ಸ್ಟುಡಿಯೋದಲ್ಲಿ ನಾದಿನಿಯ ಫೋಟೋ ತೆಗೆಸಿದೆ. ಅವಳು ಸೀರೆ ಬದಲಿಸಲು ಪರದೆಯ ಹಿಂದೆ ಹೋದಾಗ ಸ್ಟುಡಿಯೋದ ಯಜಮಾನರ ಹತ್ತಿರ ಮೆಲ್ಲಗೆ, ತುಟಿ ಸ್ವಲ್ಪ ಎದ್ದು ಕಾಣುವ ಹಾಗೆ ಆಗುತ್ತದೆಯೇ ಎಂದು ಕೇಳಿದೆ. ಆತ ನನ್ನನ್ನು ಕನ್ನಡಕದ ಮೇಲಿಂದ ನೋಡಿ, ಬಾಗಿಲ ಪರದೆ ಎಳೆದು, ಒಂದು ಬಿಸ್ಕತ್ತಿನ ಡಬ್ಬ ತೆಗೆದರು. ಅದರೊಳಗೆ ಬರೀ ಹೆಣ್ಣುಮಕ್ಕಳ ಫೋಟೋಗಳು, ತಿದ್ದುವುದಕ್ಕೆ ಮುಂಚಿನದೊಂದು, ಆಮೇಲಿನದೊಂದು, ಜೋಡಿ ಜೋಡಿಯಾಗಿ ದಾರ ಕಟ್ಟಿಟ್ಟಿದ್ದವು. ಹಾಸನ ಸೀಮೆಯ ಅರ್ಧ ಮದುವೆಗಳ ಗುಟ್ಟು ಆ ಡಬ್ಬದಲ್ಲಿತ್ತು.

ಆತ ವೈದ್ಯರ ಹಾಗೆ ಗಂಭೀರವಾಗಿ ವಿವರಿಸಿದರು. ಅರಕಲಗೂಡಿನ ಕಡೆಯವರಿಗೆ ತುಟಿ ಪುಟ್ಟದಿರಬೇಕು, ಆದರೆ ತುಂಬಿರಬೇಕು. ಚನ್ನರಾಯಪಟ್ಟಣದವರು ತುಟಿಯ ಗೊಡವೆಗೆ ಹೋಗುವುದಿಲ್ಲ, ಬಣ್ಣ ಬೆಳ್ಳಗಾದರೆ ಸಾಕು. ಹೊಳೆನರಸೀಪುರದವರು ಕೆಳತುಟಿ ನೋಡುತ್ತಾರೆ. ಮೇಲ್ತುಟಿ ಒಂದು ಪಾಲಿದ್ದರೆ ಕೆಳತುಟಿ ಒಂದೂವರೆ ಪಾಲು, ಅದಕ್ಕಿಂತ ಹೆಚ್ಚಾದರೆ ಜಗಳಗಂಟಿ ಎನ್ನುತ್ತಾರೆ. ಮಾಡುವ ಕ್ರಮವನ್ನೂ ಹೇಳಿದರು. ನೆಗೆಟಿವ್ ಮೇಲೆ ತುಟಿಯ ಅಂಚನ್ನು ಬ್ಲೇಡಿನ ತುದಿಯಿಂದ ಕೂದಲೆಳೆಯಷ್ಟು ಕೆರೆದರೆ ಪ್ರಿಂಟಿನಲ್ಲಿ ಅಷ್ಟು ಕಪ್ಪಾಗಿ ಹರಡಿಕೊಳ್ಳುತ್ತದೆ. ಕೆಳತುಟಿಯ ನಡುವೆ ಚೂಪು ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟರೆ ಅಲ್ಲಿ ಬೆಳಕು ಬಿದ್ದ ಹಾಗೆ ಮಿನುಗುತ್ತದೆ.

"ಎಷ್ಟು ಬೇಕು ಹೇಳಿ ತಾಯಿ," ಎಂದರು, ದರ್ಜಿ ತೋಳಿನ ಉದ್ದ ಕೇಳುವ ಹಾಗೆ.

ನಾನು ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಜೋಳದ ಕಾಳಿನಷ್ಟು ಸಂದಿ ಮಾಡಿ ತೋರಿಸಿದೆ. ಆತ ಸ್ವಂತ ಉದಾರತೆಯಿಂದ ಇನ್ನೊಂದು ಕಾಳು ಸೇರಿಸಿಕೊಂಡರೆಂದು ಕಾಣುತ್ತದೆ.

ಫೋಟೋ ನೋಡಿ ಅತ್ತೆಗೆ ಆನಂದವಾಯಿತು. ಮಗಳು ಥೇಟ್ ತಮ್ಮ ಹಾಗೆಯೇ ಎಂದರು. ಹೊಳೆನರಸೀಪುರದವರಿಗೂ ಹಿಡಿಸಿತು, ಹುಡುಗಿಯನ್ನು ನೋಡಲು ಬರುವುದಾಗಿ ಕಾಗದ ಬರೆದರು. ಆ ಕಾಗದ ಓದಿ ಕುಣಿದಾಡಿದ ನಾದಿನಿ ಅರ್ಧ ಗಂಟೆಯಾದ ಮೇಲೆ ಅಡುಗೆಮನೆಗೆ ಬಂದು ನೆಲದ ಮೇಲೆ ಕುಸಿದಳು.

"ಅತ್ತಿಗೆ, ಅವರು ಒಪ್ಪಿರೋದು ನನ್ನಲ್ಲ. ಆ ಫೋಟೋದಲ್ಲಿರೋ ತುಟೀನ. ನಾನೀಗ ಅದನ್ನ ಎಲ್ಲಿಂದ ತರಲಿ?"

ನ್ಯಾಯವಾದ ಪ್ರಶ್ನೆ. ತಪ್ಪು ನನ್ನದಾದ್ದರಿಂದ ತರುವ ಹೊಣೆಯೂ ನನ್ನದಾಯಿತು. ಮುಂದಿನ ಹತ್ತು ದಿನ ಅತ್ತೆ ಮಧ್ಯಾಹ್ನ ಮಲಗಿದ ಮೇಲೆ ನಮ್ಮ ಉಗ್ರಾಣ ಪ್ರಯೋಗಶಾಲೆಯಾಯಿತು. ಜೇನುಮೇಣವನ್ನು ತುಪ್ಪದಲ್ಲಿ ಕರಗಿಸಿ ಹಚ್ಚಿದೆವು. ಹೊಳೆಯಿತು, ಆದರೆ ಬೆಳೆಯಲಿಲ್ಲ. ಮೆಣಸು ಅರೆದು ಹಚ್ಚಿದಾಗ ಕೆಂಪಗೆ ಉಬ್ಬಿ ಆಸೆ ಹುಟ್ಟಿಸಿ, ಕಣ್ಣೀರು ಒಣಗುವಷ್ಟರಲ್ಲಿ ಇಳಿದುಹೋಯಿತು. ಲವಂಗದ ಎಣ್ಣೆಯಿಂದ ತುಟಿ ಮರಗಟ್ಟಿ ಅವಳು ಕುಡಿದ ಕಾಫಿ ರವಿಕೆಯ ಮೇಲೆ ಇಳಿಯಿತು. ಕೊನೆಗೆ ನಾನು ಕಾನ್ವೆಂಟಿನ ಗೆಳತಿಯೊಬ್ಬಳ ಉಪಾಯ ನೆನಪಿಸಿಕೊಂಡು, ಪುಟ್ಟ ಬೆಳ್ಳಿ ಲೋಟವನ್ನು ಬಾಯಿಗೆ ಕವುಚಿ ಗಾಳಿಯೆಲ್ಲ ಒಳಗೆಳೆದುಕೊಂಡು ಹಿಡಿ ಎಂದೆ. ಹಿಡಿದಳು. ಬಿಡಿಸಿದಾಗ ತುಟಿ ನಿಜಕ್ಕೂ ಊದಿತ್ತು, ಜೊತೆಗೆ ಬಾಯಿಯ ಸುತ್ತ ನೇರಳೆ ಬಣ್ಣದ ಚಕ್ರವೊಂದು ಮೂಡಿತ್ತು. ಅದು ಹೋಗಲು ಎರಡು ದಿನ ಹಿಡಿಯಿತು. ಏನೇ ಇದು ಮಂಗನ ಮೂತಿ ಎಂದು ಅತ್ತೆ ಕೇಳಿದ್ದಕ್ಕೆ, ನೇರಳೆಹಣ್ಣು ತಿಂದೆ ಎಂದಳು. ಪುಷ್ಯ ಮಾಸದಲ್ಲಿ ನೇರಳೆಹಣ್ಣು ಎಲ್ಲಿ ಸಿಕ್ಕಿತು ಎಂದು ಪುಣ್ಯಕ್ಕೆ ಅತ್ತೆ ಕೇಳಲಿಲ್ಲ.

ಹೀಗೆ ಎಲ್ಲ ಸೋತು, ಆ ಬೆಳಗ್ಗೆ ಅವಳು ರಸ ಹೋದ ಕನ್ನಡಿಯ ಮುಂದೆ ಮೊಣಕಾಲು ಮಡಿಸಿ ನಿಂತಿದ್ದದ್ದು.

ಕಾಫಿ ಮುಗಿದ ಮೇಲೆ ಅತ್ತೆ ಅಡುಗೆ ಹೇಳಿದರು. ಅವರ ತವರಿನ ಹೊಲದಿಂದ ಹಿಂದಿನ ದಿನ ಬಂದಿದ್ದ ಸುವರ್ಣಗೆಡ್ಡೆಯನ್ನು ಮಧ್ಯಾಹ್ನಕ್ಕೆ ಹುಳಿ ಮಾಡುವುದು. ಆನೆಯ ಪಾದದಷ್ಟು ಗಾತ್ರ, ಮೈಮೇಲೆಲ್ಲ ಮಣ್ಣು. ಹಸಿ ಗೆಡ್ಡೆ ಮೈಗೆ ತಾಗಿದರೆ ತುರಿಕೆ ಹತ್ತಿಕೊಳ್ಳುತ್ತದೆಂದು ಗೊತ್ತಿದ್ದರಿಂದ ಕೈಗೆ ಎಣ್ಣೆ ಸವರಿಕೊಂಡು, ಪಕ್ಕದಲ್ಲಿ ಹುಣಸೆಹಣ್ಣಿನ ನೀರು ಇಟ್ಟುಕೊಂಡು ಹೆಚ್ಚತೊಡಗಿದೆ. ನಡುವೆ ಮೂಗು ಕೆರೆಯಿತೆಂದು ಮಣಿಕಟ್ಟಿನಿಂದ ಉಜ್ಜಿಕೊಂಡೆ, ಅದು ಮೇಲ್ತುಟಿಗೆ ತಾಗಿತು. ಐದು ನಿಮಿಷದಲ್ಲಿ ಚುರುಚುರು ಎಂದು, ತುಟಿ ಮೆತ್ತಗೆ ಉಬ್ಬಿಕೊಂಡಿತು. ಹುಣಸೆಹುಳಿ ಹಚ್ಚಿಕೊಳ್ಳಲು ಹೋಗುವಷ್ಟರಲ್ಲಿ ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಅವಳ ಕಣ್ಣು ನನ್ನ ತುಟಿಯ ಮೇಲೆ, ಆಮೇಲೆ ಈಳಿಗೆಮಣೆಯ ಮುಂದಿದ್ದ ಗೆಡ್ಡೆಯ ಮೇಲೆ.

"ಅತ್ತಿಗೆ, ಥೇಟ್ ಫೋಟೋ," ಎಂದಳು.

ಬೇಡ ಎನ್ನಬೇಕಿತ್ತು. ನಾನು ಅದರ ಬದಲು ಎಷ್ಟು, ಹೇಗೆ ಎಂದು ಲೆಕ್ಕ ಹಾಕಲು ಕೂತೆ. ನನ್ನ ತುಟಿ ಇಳಿಯಲು ಎಷ್ಟು ಹೊತ್ತಾಗುತ್ತದೆಂದು ಇಬ್ಬರೂ ಗಡಿಯಾರ ನೋಡಿಕೊಂಡು ಕಾದೆವು. ಸುಮಾರು ಮೂರು ಗಂಟೆ ನಿಂತಿತು. ನಾಲ್ಕಕ್ಕೆ ಬರುವವರಿಗೆ ಮೂರೂವರೆಗೆ ಹಚ್ಚಿದರೆ ಸರಿಯಾಗುತ್ತದೆ. ತೊಳೆದ ಹೋಳೊಂದನ್ನು ಬಾಳೆಎಲೆಯ ಚೂರಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟು, ಮೇಲೆ ಒಂದೇ ಸಲ, ಕೆಳಗೆ ಒಂದೇ ಸಲ, ಕುಂಕುಮದ ಬೆರಳು ತಾಗಿಸುವಷ್ಟು ಹಗುರಾಗಿ ಎಂದು ಎರಡೆರಡು ಸಲ ಹೇಳಿದೆ.

ಮೂರೂವರೆಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ನಾದಿನಿ ಉಗ್ರಾಣದಲ್ಲಿದ್ದಳು. ಆಮೇಲೆ ಅವಳೇ ಹೇಳಿದ್ದು: ಒಂದು ಸಲ ಸವರಿದಳಂತೆ, ಏನೂ ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. ಚುರುಗುಟ್ಟಲು ಐದು ನಿಮಿಷ ಬೇಕೆಂಬುದು ಭಯದಲ್ಲಿ ಮರೆತುಹೋಗಿ, ಆ ಹೋಳನ್ನು ಜಡೆ ಹೆಣೆಯುವಾಗ ಹೇರ್‌ಪಿನ್ ಕಚ್ಚಿಕೊಳ್ಳುವ ಹಾಗೆ ಎರಡು ತುಟಿಯ ನಡುವೆ ಕಚ್ಚಿಕೊಂಡು, ಕಣ್ಣು ಮುಚ್ಚಿ ನೂರಾಎಂಟು ಎಣಿಸಿದ್ದಳು. ಒಳ್ಳೆಯ ಕೆಲಸಕ್ಕೆಲ್ಲ ನಮ್ಮ ಮನೆಯಲ್ಲಿ ನೂರಾಎಂಟೇ ಲೆಕ್ಕ.

ಅವಳು ಅಡುಗೆಮನೆಗೆ ಬಂದಾಗ ನನ್ನ ಕೈಯ ಸೌಟು ಬಾಣಲೆಯೊಳಗೇ ನಿಂತಿತು. ಕೆಳತುಟಿ ಸಿಪ್ಪೆ ಸುಲಿದ ಕಿತ್ತಳೆ ತೊಳೆಯ ಹಾಗೆ ಹೊರಗೆ ಇಳಿಬಿದ್ದಿತ್ತು. ಮೇಲ್ತುಟಿಯ ಎಡಭಾಗ ಮಾತ್ರ ಊದಿ ಮೂಗಿಗೆ ಸವಾಲು ಹಾಕುತ್ತಿತ್ತು. ಹುಣಸೆಹುಳಿ ಬಳಿದೆ, ಮಜ್ಜಿಗೆ ಬಳಿದೆ. ಅಷ್ಟರಲ್ಲಿ ಹೊರಗೆ ಗೇಟಿನ ಸದ್ದಾಯಿತು. ಬಸ್ಸು ಬೇಗ ಬಂದುಬಿಟ್ಟಿತ್ತು.

ಅತ್ತೆ ಮಗಳ ಮುಖ ನೋಡಿ ಎದೆ ಹಿಡಿದುಕೊಂಡರು. ನಾನು ಕಾನ್ವೆಂಟಿನಲ್ಲಿ ಕಲಿತ ಅತ್ಯಂತ ಶಾಂತ ದನಿಯಲ್ಲಿ, ಜೇನುಹುಳ ಕಚ್ಚಿತು ಎಂದೆ. ನಡುಮನೆಗೆ ಹೋಗಿ, ಬಂದವರಿಗೂ ಅದನ್ನೇ ಹೇಳಿದೆ. ಹುಡುಗನ ಜೊತೆ ಬಂದಿದ್ದದ್ದು ತಾಯಿಯೊಬ್ಬರೇ. ಗಟ್ಟಿಮುಟ್ಟಾದ ಹೆಂಗಸು, ಕೈತುಂಬ ಹಸಿರು ಗಾಜಿನ ಬಳೆ, ಬೆರಳಿನ ಗೆಣ್ಣುಗಳಲ್ಲಿ ಹೊಲದ ಕೆಲಸದ ಗುರುತು. ಹುಡುಗ ಅಡ್ಡ ಬೈತಲೆ ತೆಗೆದು, ಮಡಿಕೆ ಮುರಿಯದ ಷರಟು ಹಾಕಿ, ಕುರ್ಚಿಯ ತುದಿಯಲ್ಲಿ ಕೂತಿದ್ದ.

ನಾದಿನಿ ತಲೆ ತಗ್ಗಿಸಿ ಕಾಫಿಯ ತಟ್ಟೆ ಹಿಡಿದು ಬಂದಳು. ತಾಯಿ ಅವಳನ್ನು ನೋಡಿದರು. ಆಮೇಲೆ ಕೈಚೀಲದಿಂದ ಫೋಟೋ ತೆಗೆದು ಅದನ್ನು ನೋಡಿದರು. ಮತ್ತೆ ಅವಳನ್ನು.

"ಫೋಟೋಗಿಂತ ಜಾಸ್ತಿನೇ ಅದೆ," ಎಂದರು.

ಅತ್ತೆ ಗಾಬರಿಯಲ್ಲಿ ಮಾತು ತಿರುಗಿಸಲು, ಮಗಳು ರುದ್ರಪಟ್ಟಣದ ಕಡೆಯ ಮೇಷ್ಟರ ಹತ್ತಿರ ಮೂರು ವರ್ಷ ಸಂಗೀತ ಕಲಿತಿದ್ದಾಳೆಂದು ಹೇಳಿಬಿಟ್ಟರು. ಹಾಡಿಸಿ ಎಂದರು ಹುಡುಗನ ತಾಯಿ. ಇನ್ನೇನು ಮಾಡುವುದು, ನಾದಿನಿ ಕಂಬಕ್ಕೊರಗಿ ಕೂತು ಸರಳೆ ಹಿಡಿದಳು. ಸ ರಿ ಗ ಹೇಗೋ ಬಂತು. ತುಟಿ ಕೂಡಿಸಬೇಕಾದ ಮಧ್ಯಮ ಪಂಚಮದ ಹತ್ತಿರ ಬರೀ ಗಾಳಿ ಬಂತು. ಎರಡನೇ ಸಲ ಪ್ರಯತ್ನಿಸಿದಾಗ ಗಾಳಿಯ ಜೊತೆ ಸ್ವಲ್ಪ ಮಜ್ಜಿಗೆಯೂ ಬಂತು. ಹುಡುಗ ಕಾಫಿ ಲೋಟದ ಮೇಲೆ ಬಗ್ಗಿದ. ಅವನ ಭುಜ ಅಲುಗುತ್ತಿತ್ತು.

ತಾಯಿ ನಗಲಿಲ್ಲ. ಎದ್ದು ಬಂದು ನಾದಿನಿಯ ಗದ್ದ ಹಿಡಿದೆತ್ತಿ ಕಿಟಕಿಯ ಬೆಳಕಿಗೆ ತಿರುಗಿಸಿ, ಹಸುವಿನ ಬಾಯಿ ನೋಡುವ ಹಾಗೆ ನೋಡಿದರು. ಮೂಸಿ ಕೂಡ ನೋಡಿದರು.

"ಜೇನೂ ಅಲ್ಲ ಗೀನೂ ಅಲ್ಲ. ಇದು ಸುವರ್ಣಗೆಡ್ಡೆ. ನಾವೇನು ಗೆಡ್ಡೆ ಕಾಣದೋರೇನವ್ವಾ? ಯಾಕ್ ಮಗ ಇಂಗ್ ಮಾಡ್ಕೊಂಡೆ?"

ಅಪ್ಪಿತಪ್ಪಿ ತಾಗಿತು ಎಂದು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ನಾನು ಹೇಳಲು ಬಾಯಿ ತೆರೆದೂ ಇದ್ದೆ. ಆದರೆ ನಾದಿನಿ ಸೆರಗಿನಿಂದ ಬಾಯಿ ಒರೆಸಿಕೊಂಡು, ತಾಯಿಯನ್ನಲ್ಲ, ನೇರವಾಗಿ ಹುಡುಗನನ್ನು ನೋಡಿದಳು. ಪದಗಳು ಊದಿಕೊಂಡೇ ಹೊರಬಂದರೂ ಎಲ್ಲರಿಗೂ ಅರ್ಥವಾದವು.

"ಇದು ನಂದಲ್ಲ. ಆ ಫೋಟೋದಲ್ಲಿರೋದೂ ನಂದಲ್ಲ, ಸ್ಟುಡಿಯೋದೋರು ಬರೆದಿದ್ದು. ನಂದು ತೀರಾ ತೆಳು. ನೀವು ಬೇಡ ಅಂತೀರಾ ಅಂತ ಭಯ ಆಯ್ತು."

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಯಜಮಾನರು ಗೋಡೆಯ ಕ್ಯಾಲೆಂಡರನ್ನು ಮೊದಲ ಸಲ ಕಂಡವರಂತೆ ಓದತೊಡಗಿದರು. ಬರೆಸಿದವಳು ನಾನು ಎಂದು ಹೇಳಿದೆ. ತಾಯಿ ನನ್ನ ಕಡೆಗೂ ಒಂದು ನೋಟ ಹರಿಸಿ, ಈ ಯಮ್ಮನೋ, ನೋಡೋಕೆ ಎಷ್ಟು ಸಾಧು ಅನ್ನುವ ಹಾಗೆ ತಲೆ ಅಲ್ಲಾಡಿಸಿದರು. ಹುಡುಗ ಈಗ ನಗುತ್ತಿರಲಿಲ್ಲ. ಏನೋ ಹೇಳಲು ಹೊರಟವನನ್ನು ತಾಯಿ ಕಣ್ಣಲ್ಲೇ ಕೂರಿಸಿದರು.

ಕುಂಕುಮ ಕೊಡಲು ಒಳಗೆ ಕರೆದಾಗ ಅವರು ಅಡುಗೆಮನೆಯ ಮೂಲೆಯಲ್ಲಿ ಉಳಿದಿದ್ದ ಅರ್ಧ ಗೆಡ್ಡೆಯನ್ನು ತಿರುಗಿಸಿ ನೋಡಿದರು. ಉಗುರಿನಿಂದ ಸಿಪ್ಪೆ ಕೆರೆದರು. ಒಳ್ಳೆ ಜೋರಾಗಿರೋ ತಳಿ, ಬಿತ್ತನೆಗೆ ಒಂದು ತುಂಡು ಕೊಡಿ ಎಂದರು. ಮೊಳಕೆಯ ಕಣ್ಣಿರುವ ಭಾಗ ನೋಡಿ ಕುಯ್ದು, ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟೆ. ನಾದಿನಿಯ ತುಟಿಗೆ ಹುಳಿ ಮಜ್ಜಿಗೆ ಬಟ್ಟೆ ಇಡುತ್ತಿರಿ, ರಾತ್ರಿಗೆ ಇಳಿಯುತ್ತದೆ ಎಂದರು. ಬಾಗಿಲಲ್ಲಿ ನಿಂತು, ಎಲ್ಲ ಮನೆಯವರೂ ಹೇಳುವ ಆ ಹಾಳು ಮಾತನ್ನೇ ಹೇಳಿದರು: ಹೇಳಿ ಕಳಿಸುತ್ತೇವೆ. ಎರಡು ಸಲ ಆ ಮಾತು ಕೇಳಿ, ಎರಡು ಸಲವೂ ಒಳ್ಳೆಯ ಸುದ್ದಿ ಬಾರದಿದ್ದ ಮನೆ ನಮ್ಮದು.

ಗೇಟು ಮುಚ್ಚಿಕೊಂಡಿತು. ಅತ್ತೆ ಜಗಲಿಯ ಮೇಲೆ ದೊಪ್ಪನೆ ಕೂತರು.

"ಹುಡ್ಗೀನ ಬುಟ್ಟು ಗೆಡ್ಡೆ ಒಪ್ಕೊಂಡ್ ಹೋದ್ರು ಕಣೆ," ಎಂದರು.

ನನಗೆ ನಗು ತಡೆಯಲಾಗಲಿಲ್ಲ. ನಕ್ಕದ್ದಕ್ಕೆ ಬೈಸಿಕೊಂಡೆ. ನಾಳೆಯೇ ಅರಕಲಗೂಡಿನ ಆ ಬಂಧುವಿಗೆ ಕಾಗದ ಬರಿ ಎಂದು ಅತ್ತೆ ಮಗನಿಗೆ ಹೇಳಿದರು. ಅವರು ಹೂಂ ಎಂದು, ಪೆನ್ನಿಗೆ ಶಾಯಿ ತುಂಬಲು ಎದ್ದರು. ಹೇಳಿದ ಕೆಲಸವನ್ನು ಅಷ್ಟು ಬೇಗ ಮಾಡಲು ಅವರು ಹೊರಟದ್ದನ್ನು ನಾನು ಆ ಮನೆಯಲ್ಲಿ ಕಂಡದ್ದು ಅವತ್ತೇ. ನಾದಿನಿ ಉಗ್ರಾಣದ ಕತ್ತಲಲ್ಲಿ ಅಕ್ಕಿಮೂಟೆಗೆ ಒರಗಿ, ಬಾಯಿಗೆ ಮಜ್ಜಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತಾಗ, ನಿಜ ಹೇಳಿದ್ದು ತಪ್ಪಾಯಿತೇ ಎಂದು ಕೇಳಿದಳು. ನಾನು ಬಟ್ಟೆ ಒಣಗಿದೆ ಎಂದು ಇನ್ನಷ್ಟು ಮಜ್ಜಿಗೆ ಹಾಕಿದೆ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ಎಂದಿನಂತೆ ಕೊಂಚ ಹೆಪ್ಪಿಗೆಂದು ಲೋಟ ಹಿಡಿದು ಹಿತ್ತಿಲ ಬಾಗಿಲಿಗೆ ಬಂದರು. ತಂಗಿಯನ್ನು ಬಸ್ಸು ಹತ್ತಿಸಲು ಬಸ್ ಸ್ಟ್ಯಾಂಡಿಗೆ ಹೋಗಿ ಆಗತಾನೇ ಮರಳಿದ್ದರು. ಲೋಟದ ಹೊರಗೆ ಹತ್ತಿದ್ದ ಮೊಸರನ್ನು ಬೆರಳಿನಿಂದ ಒರೆಸಿ ನೆಕ್ಕಿ, ಹೊರಟವರು ಹೊಸಿಲಲ್ಲಿ ನಿಂತರು.

"ನಿಮ್ಮನೆಗೆ ಬಂದಿದ್ರಲ್ಲ, ಆ ಹಸಿರುಬಳೆ ಯಮ್ಮ, ಬಸ್ಸಿಗೆ ಕಾಯ್ತಾ ಸಿಕ್ಕಿದ್ರು ಕಣ್ರೀ. ನಮ್ಮ ಬೀದಿ ಮದ್ವೆ ಛತ್ರದ ಬಾವೀಲಿ ಯುಗಾದಿ ಕಳೆದ್ಮೇಲೂ ನೀರಿರ್ತದಾ ಅಂತ ಕೇಳಿದ್ರು. ಇರ್ತದೆ ಅಂದೆ. ಅಲ್ಲಾ, ಹೊಳೆ ಪಕ್ಕದಲ್ಲೇ ಮನೆ ಇಟ್ಕೊಂಡಿರೋರಿಗೆ ನಮ್ಮೂರ ಬಾವಿ ನೀರಿನ ಚಿಂತೆ ಯಾಕೋ."